ಕುತ್ತಿಗೆ ಎತ್ತಲಾಗದ ಹೇಂಟೆ: ಕೊಕ್ಕರೆ ರೋಗವಾ, ಬೇರೆ ಏನಾದ್ರೂನಾ?

ಬೇಲೆಕೇರಿ ಹಿತ್ತಲು · ಮಂಗಳವಾರ ಸಂಜೆ

ನಮ್ಮ ಗಿಡ್ಡಿಗೆ ಬೆಳಿಗ್ಗೆಯಿಂದ ಕಾಲಲ್ಲಿ ಬಲ ಇಲ್ಲ. ಊರಕೋಳಿ, ಎರಡು ವರ್ಷ ದಾಟಿದ ಹೇಂಟೆ. ಕಾಲು ಗಿಡ್ಡ, ಅದಕ್ಕೇ ಆ ಹೆಸರು. ಗೂಡಿನ ಬಾಗಿಲು ತೆಗೆದ ಕೂಡಲೇ ಉಳಿದವೆಲ್ಲ ಹಾರಿ ಹೊರಗೆ ಬಿದ್ದವು, ಇದೊಂದು ಮೂಲೆಯಲ್ಲಿ ಕೂತೇ ಇತ್ತು. ಎತ್ತಿ ಅಂಗಳಕ್ಕೆ ಬಿಟ್ಟರೆ ತಡವರಿಸಿ ಎದೆ ಊರಿ ಕೂತಿತು. ಮಧ್ಯಾಹ್ನದ ಹೊತ್ತಿಗೆ ರೆಕ್ಕೆ ಜೋತವು. ಈಗ ಕುತ್ತಿಗೆ ಎತ್ತಲಿಕ್ಕೂ ಆಗ್ತಾ ಇಲ್ಲ, ಕೊಕ್ಕು ನೆಲಕ್ಕೆ ಇಟ್ಟುಕೊಂಡು ಮಲಗಿದೆ. ಕಣ್ಣು ಅರ್ಧ ಮುಚ್ಚಿದೆ. ಆದರೆ ಹೆಸರು ಹಿಡಿದು ಕರೆದರೆ ಗಂಟಲೊಳಗೇ ಸಣ್ಣಗೆ ಓಗೊಡ್ತದೆ, ಪ್ರಜ್ಞೆ ಇದೆ. ಹಿಕ್ಕೆ ಸ್ವಲ್ಪ ಹಸಿರು.

ಅತ್ತೆ ಕೊಕ್ಕರೆ ರೋಗ ಅಂತಾರೆ. ಪಕ್ಕದ ಮನೆಯಾಕೆ ದೃಷ್ಟಿ ಅಂತಾಳೆ. ಶಾಲೆಯಿಂದ ಬಂದ ಮಗಳು ಬುಟ್ಟಿ ಬಿಟ್ಟು ಏಳ್ತಾ ಇಲ್ಲ. ಪಶು ಆಸ್ಪತ್ರೆ ನಾಳೆ ಬೆಳಿಗ್ಗೆಯೇ. ರಾತ್ರಿ ಕಳೆಯೋದು ಹೇಗೆ, ಗೊತ್ತಿದ್ದವರು ಹೇಳಿ.

ಹೊನ್ನಾವರ ಹುಂಜ · ಮಂಗಳವಾರ ಸಂಜೆ

ಮಸಾಲೆ ಅರೆಯೋದೊಂದೇ ಬಾಕಿ ಅನ್ನಿ. ತಮಾಷೆ ಮಾರಾಯ್ರೆ, ಬಯ್ಯಬೇಡಿ.

ಸದಾಶಿವಗಡ ಗಾಳಿ · ಮಂಗಳವಾರ ಸಂಜೆ

ಹುಂಜ ಅವರೇ, ಅಲ್ಲೊಂದು ಮಗು ಬುಟ್ಟಿ ಪಕ್ಕ ಕೂತಿದೆ ಅಂತ ಓದಿದ್ರಾ ಇಲ್ವಾ? ತಮಾಷೆಗೂ ಆ ಮಾತು ಬೇಡ. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಕೋಳಿ ಮೆತ್ತಗಾಯ್ತು ಅಂದ ಕೂಡಲೇ ಕತ್ತಿ ಹುಡುಕ್ತಾರೆ. ಕಾರಣ ಗೊತ್ತಿಲ್ಲದ ಕಾಯಿಲೆಯ ಕೋಳಿ ತಿನ್ನೋದು ಯಾವ ಲೆಕ್ಕದಲ್ಲೂ ಜಾಣತನ ಅಲ್ಲ.

ಬೇಲೆಕೇರಿಯವರೇ, ಮೊದಲು ಅದನ್ನು ಬೇರೆ ಕೋಳಿಗಳಿಂದ ದೂರ ಇಡಿ. ಬಿದ್ದ ಕೋಳಿಯನ್ನು ಜೊತೆಯವೇ ಕುಕ್ಕಿ ಕುಕ್ಕಿ ಕೊಲ್ತವೆ.

ಮಾಜಾಳಿ ಮನೆ · ಮಂಗಳವಾರ ಸಂಜೆ

ಇದು ಕೊಕ್ಕರೆ ರೋಗವೇ. ಹಸಿರು ಹಿಕ್ಕೆ, ಕುತ್ತಿಗೆ ಹೋಗೋದು, ಇನ್ನೇನು ಬೇಕು? ಬೆಳ್ಳುಳ್ಳಿ, ಅರಿಶಿಣ, ಕಾಳುಮೆಣಸು ಅರೆದು ಉಂಡೆ ಮಾಡಿ ಗಂಟಲಿಗೆ ತಳ್ಳಿ. ಔಷಧ ಅಂಗಡಿಯಲ್ಲಿ ಟೆಟ್ರಾಸೈಕ್ಲಿನ್ ಪುಡಿ ಸಿಕ್ಕರೆ ನೀರಿಗೆ ಹಾಕಿ. ನಮ್ಮಜ್ಜಿ ಇದರಲ್ಲೇ ಊರಿನ ಕೋಳಿ ಎಲ್ಲ ಉಳಿಸಿದ್ದು.

ಕುಮಟಾ ನಿವೃತ್ತ · ಮಂಗಳವಾರ ರಾತ್ರಿ

ಪಶುವೈದ್ಯ ಪರೀಕ್ಷಕನಾಗಿ ಈ ಜಿಲ್ಲೆಯಲ್ಲೇ ಕೆಲಸ ಮಾಡಿ ನಿವೃತ್ತನಾದವನು ನಾನು. ವೈದ್ಯನಲ್ಲ. ನಾಳೆ ವೈದ್ಯರಿಗೆ ತೋರಿಸುವುದನ್ನು ಇದರಿಂದ ತಪ್ಪಿಸಬೇಡಿ.

ಮೊದಲನೆಯದು: ಇವತ್ತು ರಾತ್ರಿ ಆ ಗಂಟಲಿಗೆ ಏನನ್ನೂ ತಳ್ಳಬೇಡಿ. ಉಂಡೆಯೂ ಬೇಡ, ಲೋಟದಿಂದ ನೀರು ಸುರಿಯುವುದೂ ಬೇಡ. ಕೋಳಿಯ ಬಾಯಿ ತೆರೆದು ನೋಡಿ, ನಾಲಿಗೆಯ ಬುಡದಲ್ಲೇ ಸಣ್ಣ ಸೀಳು ತೆರೆದು ಮುಚ್ಚುತ್ತಿರುತ್ತದೆ. ಅದು ಉಸಿರಿನ ದಾರಿ. ಕುತ್ತಿಗೆ ಎತ್ತಲಾಗದ ಕೋಳಿಗೆ ನುಂಗುವ ಶಕ್ತಿಯೂ ಕಡಿಮೆ. ಸುರಿದ ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಕಾಯಿಲೆಯಿಂದ ಸತ್ತವು ಎಂದು ನನ್ನ ಬಳಿ ತಂದ ಕೋಳಿಗಳಲ್ಲಿ ಔಷಧ ಕುಡಿಸುವಾಗಲೇ ಸತ್ತವು ಕಡಿಮೆ ಇರಲಿಲ್ಲ.

ತಲೆಯನ್ನು ಕೈಯಲ್ಲಿ ಆನಿಸಿ ಎತ್ತಿ ಹಿಡಿದು, ಕೊಕ್ಕಿನ ಬದಿಗೆ ಬೆರಳಿಂದ ಒಂದೊಂದೇ ಹನಿ ಮುಟ್ಟಿಸಿ. ನುಂಗಿದರೆ ಇನ್ನೊಂದು ಹನಿ. ನುಂಗದಿದ್ದರೆ ಅಲ್ಲಿಗೇ ಬಿಡಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಮಕ್ಕಳಿಗೆ ಭೇದಿಯಾದಾಗ ಮಾಡುವ ಅದೇ ನೀರು ಸಾಕು. ಹಾಲು ಬೇಡ, ಹಕ್ಕಿಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ.

ಬೆಚ್ಚಗೆ ಇಡುವುದು ಎರಡನೆಯದು. ಕೋಳಿಯ ಮೈ ಬಿಸಿಯೇ ಸುಮಾರು 41 ಡಿಗ್ರಿ. ನಮಗೆ ಜ್ವರ ಅನ್ನಿಸುವುದು ಅದಕ್ಕೆ ಸಹಜ. ತಿನ್ನದ ಕೋಳಿ ಆ ಬಿಸಿ ಉಳಿಸಿಕೊಳ್ಳಲಾರದು. ಬಚ್ಚಲ ಒಲೆಯ ಪಕ್ಕ, ಹೊಗೆ ಬಡಿಯದ ಕಡೆ, ಹಳೇ ಸೀರೆಯನ್ನು ಸಿಂಬೆಯ ಹಾಗೆ ಸುತ್ತಿ ಅದರ ನಡುವೆ ಎದೆ ಊರಿ ಕೂರಿಸಿ. ಪಕ್ಕಕ್ಕೆ ಮಲಗಿಸಿದರೆ ಉಸಿರಾಟಕ್ಕೆ ಕಷ್ಟ. ಹಿಂದಿನ ಪುಕ್ಕಕ್ಕೆ ಹಿಕ್ಕೆ ಅಂಟಿದ್ದರೆ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ದರೆ ನೊಣ ಮೊಟ್ಟೆ ಇಡುತ್ತದೆ.

ಈಗ ನನಗೆ ಉತ್ತರ ಬೇಕಾದ ಪ್ರಶ್ನೆಗಳು. ಕುತ್ತಿಗೆ ತಿರುಚಿದೆಯೋ, ಸುಮ್ಮನೆ ಜೋತಿದೆಯೋ? ಉಸಿರಾಡುವಾಗ ಬಾಯಿ ಬಿಡುತ್ತದೆಯೋ, ಗೊರಗೊರ ಶಬ್ದ ಇದೆಯೋ? ಎದೆಯ ಮೇಲಿನ ಮೇವಿನ ಚೀಲ ಮುಟ್ಟಿದರೆ ಖಾಲಿಯೋ, ಗಟ್ಟಿಯೋ, ನೀರು ತುಂಬಿದ ಹಾಗೋ? ಬೇರೆ ಕೋಳಿ ಹೇಗಿವೆ? ಲಸಿಕೆ ಹಾಕಿಸಿದ್ದೀರಾ? ಹತ್ತಿರದಲ್ಲಿ ಇಲಿ ಪಾಷಾಣ, ತೋಟಕ್ಕೆ ಔಷಧಿ, ಹೀಗೆ ಏನಾದರೂ?

ಮಾಜಾಳಿಯವರೇ, ಹಸಿರು ಹಿಕ್ಕೆ ಒಂದನ್ನೇ ನೋಡಿ ಕೊಕ್ಕರೆ ರೋಗ ಎನ್ನಲಾಗದು. ಯಾವ ಕಾರಣಕ್ಕೇ ಆಗಲಿ ತಿನ್ನುವುದು ಬಿಟ್ಟ ಕೋಳಿಯ ಹಿಕ್ಕೆ ಪಿತ್ತದಿಂದ ಹಸಿರಾಗುತ್ತದೆ.

ಬೇಲೆಕೇರಿ ಹಿತ್ತಲು · ಮಂಗಳವಾರ ರಾತ್ರಿ

ಸರ್, ಕುತ್ತಿಗೆ ತಿರುಚಿಲ್ಲ. ಕೈಯಲ್ಲಿ ಎತ್ತಿ ಹಿಡಿದರೆ ನೇರ ನಿಲ್ತದೆ, ಬಿಟ್ಟರೆ ಕುಸೀತದೆ. ಎಲುಬೇ ಇಲ್ಲ ಅನ್ನಿಸ್ತದೆ. ನಡುಕ ಇಲ್ಲ. ಬಾಯಿ ಬಿಡ್ತಾ ಇಲ್ಲ, ಮೂಗಲ್ಲಿ ನೀರಿಲ್ಲ. ಮೇವಿನ ಚೀಲದಲ್ಲಿ ಮೆತ್ತಗೆ ಏನೋ ಇದೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲವಾದರೂ. ಉಳಿದ ಹೇಂಟೆಗಳು, ಹುಂಜ, ಸರಿ ಇವೆ. ಲಸಿಕೆ ಹಾಕಿಸಿಲ್ಲ, ನಮ್ಮ ಕೇರಿಯಲ್ಲಿ ಯಾರೂ ಹಾಕಿಸೋದಿಲ್ಲ. ಇಲಿ ಪಾಷಾಣ ಇಟ್ಟಿಲ್ಲ.

ಹನಿ ಹನಿಯಾಗಿ ಕೊಟ್ಟೆ. ಮೊದಲು ನುಂಗಲಿಲ್ಲ, ಆಮೇಲೆ ಸ್ವಲ್ಪ ನುಂಗಿತು.

ಶಿರಸಿ ಸೋನೆಮಳೆ · ಮಂಗಳವಾರ ರಾತ್ರಿ

ತೋಟದ ಔಷಧಿ ಅಂದಿದ್ದಕ್ಕೆ ನೆನಪಾಯಿತು. ನಮ್ಮದು ಹವ್ಯಕರ ಮನೆ, ಕೋಳಿ ಸಾಕುತ್ತೇನೆ ಅಂದಾಗ ಅಜ್ಜಿ ಒಂದು ಹೊತ್ತು ಊಟ ಬಿಟ್ಟಿದ್ದಳು. ಈಗ ಕೊಟ್ಟಿಗೆಯ ಆಚೆ ಗೂಡು. ಅಜ್ಜಿ ಹತ್ತಿರ ಸುಳಿಯುವುದಿಲ್ಲ, ಆದರೆ ಸಂಜೆ ಆಯ್ತು ಅಂದರೆ “ನಿನ್ನ ಹಕ್ಕಿಗಳು ಒಳಗೆ ಹೋದವಾ?” ಅಂತ ಕೇಳದೇ ಇರುವುದಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗಕ್ಕೆ ಅಂತ ಬೋರ್ಡೋ ದ್ರಾವಣ ಹೊಡೆಯುವ ದಿನ ನಾನು ಕೋಳಿಗಳನ್ನು ಹೊರಗೇ ಬಿಡುವುದಿಲ್ಲ. ಮೈಲುತುತ್ತದ ನೀರು ನಿಂತ ಗುಂಡಿಯಲ್ಲಿ ಕುಡಿದಾವು ಅಂತ ಹೆದರಿಕೆ. ನಿಮ್ಮಲ್ಲಿ ತೆಂಗಿಗೆ ಏನಾದರೂ ಹಾಕಿದ್ದರಾ, ನೋಡಿ.

ಮಾಜಾಳಿ ಮನೆ · ಮಂಗಳವಾರ ರಾತ್ರಿ

ನಿವೃತ್ತರು ಅಜ್ಜಿಯ ಮದ್ದನ್ನೆಲ್ಲ ಒಂದೇ ಏಟಿಗೆ ತೆಗೆದು ಹಾಕಿದರು. ಅರಿಶಿಣದಿಂದ ಯಾರಿಗೆ ಏನಾಗಿದೆ?

ಕುಮಟಾ ನಿವೃತ್ತ · ಮಂಗಳವಾರ ರಾತ್ರಿ

ಅರಿಶಿಣದ ಮೇಲೆ ನನಗೆ ಸಿಟ್ಟಿಲ್ಲ. ಮುಂಗುಸಿ ಕಚ್ಚಿದ ಗಾಯಕ್ಕೆ, ಕಾಲಿನ ಒಡಕಿಗೆ ನಾನೇ ಹಚ್ಚಿದ್ದೇನೆ. ನನ್ನ ತಕರಾರು ಉಂಡೆಯನ್ನು ಗಂಟಲಿಗೆ ತಳ್ಳುವುದಕ್ಕೆ, ಮತ್ತು ಏನು ಕಾಯಿಲೆ ಎಂದು ನೋಡುವ ಮೊದಲೇ ಔಷಧಿ ಶುರು ಮಾಡುವುದಕ್ಕೆ. ಕೊಕ್ಕರೆ ರೋಗವೇ ಆಗಿದ್ದರೂ ಟೆಟ್ರಾಸೈಕ್ಲಿನ್ ಏನೂ ಮಾಡದು. ಅದು ವೈರಾಣು. ವಿಷ ಏರಿದ್ದರೂ ಅಷ್ಟೇ, ವಿಷ ಬ್ಯಾಕ್ಟೀರಿಯಾ ಅಲ್ಲ.

ಬೇಲೆಕೇರಿ ಹಿತ್ತಲು · ಬುಧವಾರ ಬೆಳಿಗ್ಗೆ

ಗಿಡ್ಡಿ ಇದೆ. ಕುತ್ತಿಗೆ ಹಾಗೇ ಇದೆ. ಆದರೆ ಇವತ್ತು ಇನ್ನೊಂದು ಹೇಂಟೆ, ಕರಿ ಪುಕ್ಕದ್ದು, ಕಾಲು ಎಳೀತಾ ಇದೆ. ಪಕ್ಕದ ಮನೆಯದೊಂದು ಕೋಳಿ ಬೇಲಿ ಹತ್ತಿರ ಸತ್ತು ಬಿದ್ದಿದೆ. ಅತ್ತೆ “ನಾ ಹೇಳ್ಲಿಲ್ವಾ” ಅಂತ ಶುರು ಮಾಡಿದ್ದಾರೆ.

ಮಾಜಾಳಿ ಮನೆ · ಬುಧವಾರ ಬೆಳಿಗ್ಗೆ

ಎರಡನೆಯದೂ ಬಿತ್ತು, ಮೂರನೆಯದು ಸತ್ತಿತು. ಇನ್ನೂ ಕೊಕ್ಕರೆ ಅಲ್ಲ ಅಂತೀರಾ?

ದೂರದ ಕಾರವಾರಿ · ಬುಧವಾರ ಬೆಳಿಗ್ಗೆ

ನಾನು ಊರಲ್ಲಿಲ್ಲ, ಅಮ್ಮ ಒಬ್ಬಳೇ ಬಿಣಗಾದಲ್ಲಿ ಕೋಳಿ ಇಟ್ಟುಕೊಂಡಿದ್ದಾಳೆ. ಇದು ಹಕ್ಕಿಜ್ವರ ಇರಬಹುದಾ? ಅಮ್ಮನಿಗೆ ಏನು ಹೇಳಲಿ?

ಕುಮಟಾ ನಿವೃತ್ತ · ಬುಧವಾರ ಬೆಳಿಗ್ಗೆ

ಮಾಜಾಳಿಯವರ ಅನುಮಾನ ಈಗ ಗಟ್ಟಿಯಾಗಿದೆ, ಒಪ್ಪುತ್ತೇನೆ. ಲಸಿಕೆಯಿಲ್ಲದ ಕೇರಿಯಲ್ಲಿ ಒಂದರ ಹಿಂದೆ ಒಂದು ಕೋಳಿ ಬಿದ್ದರೆ ಯಾರಾದರೂ ಮೊದಲು ಯೋಚಿಸಬೇಕಾದದ್ದು ಅದನ್ನೇ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತಿಸಿದ ರೋಗ ಅದು. ನಮ್ಮ ದೇಶದಲ್ಲಿ ಹಿಮಾಲಯದ ಬೆಟ್ಟಗಳ ನಡುವಿನ ರಾಣಿಖೇತ್‌ನಲ್ಲಿ ಕಂಡದ್ದರಿಂದ ಕೊಕ್ಕರೆಗೆ ರಾಣಿಖೇತ್ ರೋಗ ಎಂಬ ಹೆಸರೂ ಅಂಟಿಕೊಂಡಿತು. ಗೂಡಿಗೆ ಹೊಕ್ಕರೆ ಕೆಲವೇ ದಿನಗಳಲ್ಲಿ ಖಾಲಿ ಮಾಡಿಬಿಡುತ್ತದೆ.

ಆದರೂ ಇಲ್ಲಿ ಚಿತ್ರ ಹೊಂದುತ್ತಿಲ್ಲ. ಕೊಕ್ಕರೆಯಲ್ಲಿ ಉಸಿರಿನ ತೊಂದರೆ, ಬಿಳಿ ಹಸಿರು ಭೇದಿ, ಮಂಕು ಕವಿಯುವುದು, ಆಮೇಲೆ ಕುತ್ತಿಗೆ ತಿರುಚಿ ಹಿಂದಕ್ಕೋ ಪಕ್ಕಕ್ಕೋ ಸೆಟೆಯುವುದು. ಇಲ್ಲಿ ಉಸಿರು ಸರಿ, ಎಚ್ಚರ ಸರಿ, ಸೆಟೆತ ಇಲ್ಲ. ಸಡಿಲಿಕೆ ಮಾತ್ರ ಕಾಲಿಂದ ಶುರುವಾಗಿ ರೆಕ್ಕೆ, ಕುತ್ತಿಗೆ, ಕಣ್ಣೆವೆಗೆ ಏರಿದೆ. ಮಾರೆಕ್ಸ್ ಎಂಬ ರೋಗದಲ್ಲಿ ಕಾಲು ಹೋಗುತ್ತದೆ, ಒಂದು ಮುಂದೆ ಒಂದು ಹಿಂದೆ ಚಾಚಿಕೊಂಡು. ಅದು ಹೆಚ್ಚಾಗಿ ಎಳೆಯ ಕೋಳಿಗಳಿಗೆ. ಇದು ಎರಡು ವರ್ಷದ್ದು.

ಅನುಮಾನ ಬಗೆಹರಿಸಲು ದಾರಿ ಒಂದೇ. ಸತ್ತ ಕೋಳಿಯನ್ನು ಎಸೆಯಬೇಡಿ, ಹೂಳಲೂ ಬೇಡಿ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಎತ್ತಿ, ಎರಡು ಚೀಲದಲ್ಲಿ ಸುತ್ತಿ, ಸಾಧ್ಯವಾದರೆ ಮಂಜುಗಡ್ಡೆಯ ಜೊತೆ ಗಿಡ್ಡಿಯನ್ನು ಒಯ್ಯುವಾಗಲೇ ಆಸ್ಪತ್ರೆಗೆ ಒಯ್ಯಿರಿ. ಕೊಯ್ದು ನೋಡಲು ಕೇಳಿ. ಆಸ್ಪತ್ರೆಗೆ ಹೋಗಲು ಆಗದವರು 1962ಕ್ಕೆ ಕರೆ ಮಾಡಬಹುದು, ಸಂಚಾರಿ ಪಶು ಚಿಕಿತ್ಸೆಯ ಉಚಿತ ಸಂಖ್ಯೆ ಅದು.

ದೂರದ ಕಾರವಾರಿಯವರೇ, ಹಕ್ಕಿಜ್ವರದಲ್ಲಿ ಸಾವು ಹಠಾತ್ತಾಗಿ, ರಾಶಿಯಾಗಿ ಬರುತ್ತದೆ. ಜುಟ್ಟು ನೀಲಿಗಟ್ಟುವುದು, ಮುಖ ಬಾಯುವುದು ಇರುತ್ತದೆ. ನಮ್ಮ ದೇಶದಲ್ಲಿ 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲು ಕಂಡಾಗ ಹಾಗೆಯೇ ಆಗಿತ್ತು. ಬೇಲೆಕೇರಿಯದು ಹಾಗೆ ಕಾಣುವುದಿಲ್ಲ. ಆದರೂ ಕಾಗೆಗಳೋ ಕೋಳಿಗಳೋ ಒಟ್ಟಿಗೆ ಸಾಯಲು ಶುರುವಾದರೆ ಅಮ್ಮ ಮುಟ್ಟದೆ ಇಲಾಖೆಗೆ ತಿಳಿಸಲಿ. ಮಾಮೂಲಿ ದಿನಗಳಲ್ಲಿ ಗೂಡು ತೊಳೆದ ಮೇಲೆ ಸಾಬೂನಿಂದ ಕೈ ತೊಳೆದರೆ ಸಾಕು.

ಅಘನಾಶಿನಿ ದಂಡೆ · ಬುಧವಾರ ಮಧ್ಯಾಹ್ನ

ನಾನು ಸಾಮಾನ್ಯವಾಗಿ ಓದಿ ಸುಮ್ಮನಾಗುವವನು. ಒಂದೇ ಪ್ರಶ್ನೆ. ಚೌತಿ ಮುಗೀತು, ಮಳೆ ಹೊಳವಾಯ್ತು, ಈಗ ಎಲ್ಲರೂ ತೆಂಗಿನ ಬುಡ ಬಿಡಿಸಿ ಗೊಬ್ಬರ ಕೊಡೋ ಹೊತ್ತು. ನಿಮ್ಮ ಹತ್ತಿರ ಯಾರಾದರೂ ಬುಡಕ್ಕೆ ಮೀನು ಹಾಕಿದ್ದಾರಾ? ನಮ್ಮ ಕಡೆ ತಾರ್ಲೆ ಅಗ್ಗವಾದಾಗ ಬುಟ್ಟಿಗಟ್ಟಲೆ ಹೂಳ್ತೇವೆ. ಹಿಂದೆ ಒಂದು ಸಲ ಮಳೆಗೆ ಮಣ್ಣು ಕೊಚ್ಚಿ ಹೋಗಿ ಮೀನು ಮೇಲೆ ಬಂತು, ಹುಳ ಬಿತ್ತು, ಕೋಳಿ ಕೆದಕಿ ತಿಂದವು. ಆಮೇಲೆ ನೀವು ಬರೆದ ಹಾಗೇ ಬಿದ್ದವು. ಬಾತುಕೋಳಿಗಳೂ ಬಿದ್ದವು. ಅಪ್ಪ ಆಗ “ಮೀನು ಹುಳದ ಅಮಲು” ಅನ್ನುತ್ತಿದ್ದರು.

ಬೇಲೆಕೇರಿ ಹಿತ್ತಲು · ಬುಧವಾರ ಮಧ್ಯಾಹ್ನ

ಆಸ್ಪತ್ರೆಯ ಸಾಲಲ್ಲಿ ಕೂತು ಇದನ್ನು ಓದಿದೆ. ಕೂಡಲೇ ಮನೆಗೆ ಫೋನ್ ಮಾಡಿದೆ. ಬೇಲಿಯಾಚೆ ತೆಂಗಿನ ಬುಡಕ್ಕೆ ಮೀನಿನ ತಲೆ, ಕರುಳು, ಕೊಳೆತ ತಾರ್ಲೆ ಹಾಕಿದ್ದಾರೆ. ಮೇಲೆ ಮಣ್ಣು ತೆಳ್ಳಗೆ. ಅತ್ತೆ ಕೋಲಿಂದ ಕೆದಕಿದರೆ ಹುಳ ಬಿಜಿಬಿಜಿ ಅಂತಿವೆಯಂತೆ. ಪಕ್ಕದ ಮನೆ ಕೋಳಿ ಸತ್ತು ಬಿದ್ದದ್ದೂ ಅಲ್ಲೇ ಹತ್ತಿರ.

ಬೇಲೆಕೇರಿ ಹಿತ್ತಲು · ಬುಧವಾರ ಸಂಜೆ

ಈಗ ಮನೆಗೆ ಬಂದೆ. ಹಸು, ಎಮ್ಮೆ, ನಾಯಿ ತಂದವರ ನಡುವೆ ಬುಟ್ಟಿಯಲ್ಲಿ ಕೋಳಿ ಹಿಡಿದು ನಿಂತರೆ ಜನ ಹೇಗೆ ನೋಡ್ತಾರೆ ಗೊತ್ತಲ್ಲ. “ಬಸ್ ಚಾರ್ಜಿಗಿಂತ ಕೋಳಿ ಅಗ್ಗ” ಅಂದ ಒಬ್ಬರು. ವೈದ್ಯರು ಮಾತ್ರ ನಗಲಿಲ್ಲ.

ಸತ್ತ ಕೋಳಿಯನ್ನು ಆಸ್ಪತ್ರೆಯ ಹಿಂಬದಿಯಲ್ಲಿ ಕೊಯ್ದು ನೋಡಿದರು. ಮೇವಿನ ಚೀಲದಲ್ಲಿ ಹುಳ, ಮೀನಿನ ಮುಳ್ಳು. ಜಠರ ಬಿಡಿಸಿ ತೋರಿಸಿದರು, ಕೊಕ್ಕರೆ ರೋಗವಾದರೆ ಅಲ್ಲಿ ರಕ್ತದ ಚುಕ್ಕೆಗಳಿರುತ್ತವಂತೆ, ಒಂದೂ ಇರಲಿಲ್ಲ. ಒಳಗೆಲ್ಲ ಚೊಕ್ಕಟ. ಬಾಟುಲಿಸಂ ಅಂದರು, ಕೊಳೆತದ್ದರಲ್ಲಿ ಹುಟ್ಟೋ ವಿಷ ಏರಿದ್ದು. ಗಿಡ್ಡಿ, ಕರಿ ಎರಡಕ್ಕೂ ಹೊಟ್ಟೆ ತೊಳೆಯಲಿಕ್ಕೆ ಎಪ್ಸಂ ಉಪ್ಪಿನ ನೀರನ್ನು ಅವರೇ ನಳಿಕೆಯಿಂದ ಮೇವಿನ ಚೀಲಕ್ಕೆ ಇಳಿಸಿದರು. ಮನೆಯಲ್ಲಿ ಪದೇ ಪದೇ ಕೊಡಬೇಡಿ, ನೀರು ಸೋರಿ ಹೋಗ್ತದೆ ಅಂದರು. ಚುಚ್ಚುಮದ್ದು ಬೇಡ ಅಂದರು. “ವಿಷ ಇಳಿಯುವ ತನಕ ನೀವು ಉಳಿಸಿಕೊಳ್ಳಬೇಕು, ಉಳಿದದ್ದು ಅದೇ ಏಳ್ತದೆ.”

ಹೊನ್ನಾವರ ಹುಂಜ · ಬುಧವಾರ ಸಂಜೆ

ಆ ಕೋಳಿ ತಿಂದಿದ್ದರೆ? ಕೇಳಿದ್ದು ನಿಜವಾಗಿ.

ಕುಮಟಾ ನಿವೃತ್ತ · ಬುಧವಾರ ರಾತ್ರಿ

ಹುಂಜ ಅವರಿಗೆ: ಕೋಳಿಗೆ ಬರುವ ಬಗೆಯ ವಿಷ ಮನುಷ್ಯರಿಗೆ ತಗಲುವುದು ತೀರ ಅಪರೂಪ. ಆದರೂ ತಿನ್ನುವ ಮಾತೇ ಬೇಡ. ಸತ್ತದ್ದನ್ನು ಸುಡಿ, ಇಲ್ಲವೇ ಸುಣ್ಣ ಹಾಕಿ ಆಳಕ್ಕೆ ಹೂಳಿ. ಅದನ್ನು ಎಸೆದರೆ ಅದರ ಮೇಲೆ ಹುಳ ಬೀಳುತ್ತದೆ, ಆ ಹುಳವನ್ನು ಇನ್ನೊಂದು ಕೋಳಿ ತಿನ್ನುತ್ತದೆ. ಚಕ್ರ ಹೀಗೇ ತಿರುಗುವುದು.

ಅಘನಾಶಿನಿಯವರ ಪ್ರಶ್ನೆ ನಾನು ಕೇಳಬೇಕಾದದ್ದು. ನನ್ನ ಪಟ್ಟಿಯಲ್ಲಿ ಪಾಷಾಣ ಇತ್ತು, ಮೀನು ಇರಲಿಲ್ಲ. ಸಮುದ್ರದ ದಂಡೆಯವರಿಗೇ ಹೊಳೆಯುವ ಮಾತು ಇದು.

ಇದರ ಒಳಗುಟ್ಟು ಹೀಗೆ. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣ ಮಣ್ಣಿನಲ್ಲಿ, ಕೆಸರಿನಲ್ಲಿ ಎಲ್ಲ ಕಡೆ ಇದೆ. ಸುಮ್ಮನಿರುವಾಗ ಅದರಿಂದ ತೊಂದರೆ ಇಲ್ಲ. ಸತ್ತ ಪ್ರಾಣಿ, ಮೀನು ಗಾಳಿಯಾಡದೆ ಬೆಚ್ಚಗೆ ಕೊಳೆಯುವಾಗ ಅದು ಬೆಳೆದು ವಿಷ ಬಿಡುತ್ತದೆ. ಹುಳಕ್ಕೆ ಆ ವಿಷ ತಟ್ಟುವುದಿಲ್ಲ, ಮೈಯಲ್ಲಿ ತುಂಬಿಕೊಂಡಿರುತ್ತದೆ ಅಷ್ಟೇ. ಕೋಳಿಗೆ ಹುಳ ಎಂದರೆ ಹಬ್ಬ. ವಿಷ ಒಳಗೆ ಹೋದ ಮೇಲೆ ನರದಿಂದ ಸ್ನಾಯುವಿಗೆ ಹೋಗುವ ಅಪ್ಪಣೆಯನ್ನು ತಡೆಯುತ್ತದೆ. ಮಿದುಳು ಎಚ್ಚರ, ಮೈ ಕೇಳುವುದಿಲ್ಲ. ಕರೆದರೆ ಗಿಡ್ಡಿ ಓಗೊಟ್ಟದ್ದು, ಆದರೆ ತಲೆ ಎತ್ತಲಾಗದೆ ಇದ್ದದ್ದು ಇದಕ್ಕೇ. ಸಾವು ಬರುವುದು ಉಸಿರಾಟದ ಸ್ನಾಯು ನಿಂತಾಗ. ಮೊದಲ ಎರಡು ದಿನ ದಾಟಿದ ಹಕ್ಕಿ ಹೆಚ್ಚಾಗಿ ಉಳಿಯುತ್ತದೆ.

ಕೋಳಿಯಿಂದ ಕೋಳಿಗೆ ಇದು ಅಂಟುವುದಿಲ್ಲ. ಒಂದೇ ರಾಶಿಯಲ್ಲಿ ತಿಂದದ್ದರಿಂದ ಒಟ್ಟಿಗೆ ಬಿದ್ದವು.

ಆರೈಕೆ: ಹೊತ್ತು ಹೊತ್ತಿಗೆ ಕೂರಿಸಿದ ಮಗ್ಗುಲು ಬದಲಿಸಿ, ಒಂದೇ ಕಡೆ ಭಾರ ಬಿದ್ದರೆ ಎದೆಯೆಲುಬಿನ ಮೇಲೆ ಹುಣ್ಣಾಗುತ್ತದೆ. ಕಣ್ಣೆವೆ ಮುಚ್ಚಲು ಬಲವಿಲ್ಲದೆ ಕಣ್ಣು ಒಣಗುತ್ತದೆ, ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಒರೆಸಿ. ತಾನಾಗಿ ನುಂಗಲು ಶುರುಮಾಡಿದ ಮೇಲೆ ಗಂಜಿ ತಿಳಿ, ಆಮೇಲೆ ನೆನೆಸಿದ ಮೇವು. ಇಡೀ ಕಾಳು ಆತುರಕ್ಕೆ ಬೇಡ. ರಾತ್ರಿ ಮಲಗುವಾಗ ಮೇವಿನ ಚೀಲ ಮುಟ್ಟಿ, ಬೆಳಿಗ್ಗೆ ಮತ್ತೆ ಮುಟ್ಟಿ. ಬೆಳಗಾಗುವಷ್ಟರಲ್ಲಿ ಖಾಲಿಯಾಗಿದ್ದರೆ ಒಳಗಿನ ಯಂತ್ರ ನಡೆಯುತ್ತಿದೆ. ಹಾಗೇ ಉಳಿದು ಹುಳಿ ವಾಸನೆ ಬಂದರೆ ಇನ್ನಷ್ಟು ತುಂಬಿಸಬೇಡಿ.

ಮಾಜಾಳಿ ಮನೆ · ಬುಧವಾರ ರಾತ್ರಿ

ಸರಿ, ಈ ಸಲ ಕೊಕ್ಕರೆ ಅಲ್ಲ. ಆದರೆ ಸತ್ತ ಕೋಳಿ ಸಿಗದೆ ಇದ್ದಿದ್ದರೆ ನಮಗೆಲ್ಲ ಗೊತ್ತಾಗುತ್ತಿತ್ತಾ? ಆಸ್ಪತ್ರೆ ದೂರ ಇರುವವರು ಅಜ್ಜಿಯ ಮದ್ದನ್ನೇ ನಂಬಬೇಕು. ಕಾರವಾರ ತಾಲ್ಲೂಕಿನ ಒಳಗೆ ಕದ್ರಾ ಕಡೆಯವರು ಕೋಳಿ ಹಿಡಿದು ಎಲ್ಲಿಗೆ ಹೋಗಬೇಕು ಹೇಳಿ.

ಸದಾಶಿವಗಡ ಗಾಳಿ · ಬುಧವಾರ ರಾತ್ರಿ

ಮಾಜಾಳಿಯವರ ಈ ಮಾತು ನ್ಯಾಯ. ಆದರೆ ಬೆಚ್ಚಗೆ ಇಡೋದು, ಹನಿ ನೀರು, ಬೇರೆ ಇಡೋದು, ಇದಕ್ಕೆ ಆಸ್ಪತ್ರೆ ಬೇಡ. ಇದನ್ನು ಮಾಡಿದ ಮೇಲೆ ನಿಮ್ಮ ಬೆಳ್ಳುಳ್ಳಿ.

ಇನ್ನೊಂದು, ನಮ್ಮ ದಂಡೆಯಲ್ಲಿ ಮೀನಿಂದ ಕೋಳಿಗೆ ಬರೋ ಅಪಾಯ ಕೊಳೆತದ್ದರಲ್ಲಿ ಮಾತ್ರ ಇಲ್ಲ. ಒಣಮೀನಿನ ತಲೆ, ಉಪ್ಪು ಮೀನು ತೊಳೆದ ನೀರು ಇವನ್ನೂ ಕೋಳಿಗೆ ಹಾಕ್ತೇವೆ. ಕೋಳಿಗೆ ಉಪ್ಪು ಹೆಚ್ಚಾದರೆ ವಿಪರೀತ ಬಾಯಾರಿಕೆ, ನೀರು ಭೇದಿ, ಕಾಲಿನ ಬಲ ಹೋಗೋದು. ಕುಡಿಯಲಿಕ್ಕೆ ನೀರು ಇಲ್ಲದಿದ್ದರಂತೂ ಬೇಗ ಸಾಯ್ತವೆ. ಮಣ್ಣಿನ ಮರಿಗೆಯಲ್ಲಿ ಸದಾ ನೀರಿರಲಿ.

ಶಿರಸಿ ಸೋನೆಮಳೆ · ಗುರುವಾರ ಬೆಳಿಗ್ಗೆ

ವಿಷಯ ಸ್ವಲ್ಪ ಬೇರೆ, ನಿವೃತ್ತರು ಇರುವಾಗಲೇ ಕೇಳಿಬಿಡುತ್ತೇನೆ. ನನ್ನ ಮರಿಗಳು ಪುಕ್ಕ ಕೆದರಿಕೊಂಡು ಮುದುಡಿ ಕೂತಿವೆ, ಹಿಕ್ಕೆಯಲ್ಲಿ ರಕ್ತ. ಗೂಡಿನ ನೆಲಕ್ಕೆ ದರಕು ಹಾಸಿದ್ದೇನೆ. ಇಲ್ಲಿ ಮಳೆ ಇನ್ನೂ ಬಿಟ್ಟಿಲ್ಲ, ಎಷ್ಟು ಹೊಸದು ಹಾಕಿದರೂ ಸಂಜೆಗೆ ಒದ್ದೆ.

ಕುಮಟಾ ನಿವೃತ್ತ · ಗುರುವಾರ ಬೆಳಿಗ್ಗೆ

ರಕ್ತಭೇದಿಯ ಲಕ್ಷಣ. ಕಾಕ್ಸಿಡಿಯಾ ಎಂಬ ಪರಾವಲಂಬಿ ಕರುಳಿನ ಒಳಗೋಡೆ ಕೆಡಿಸುತ್ತದೆ. ಒದ್ದೆ ಹಾಸೇ ಅದರ ತವರು. ಇದಕ್ಕೆ ಮಾತ್ರ ಔಷಧಿ ತಡ ಮಾಡಬೇಡಿ, ಮರಿಗಳು ಬೇಗ ಸಾಯುತ್ತವೆ. ಹಿಕ್ಕೆಯನ್ನು ಚೀಟಿಯಲ್ಲಿ ಕಟ್ಟಿ ಇವತ್ತೇ ಆಸ್ಪತ್ರೆಗೆ ಒಯ್ಯಿರಿ, ಆಂಪ್ರೋಲಿಯಂ ಬರೆದು ಕೊಡುತ್ತಾರೆ, ಕುಡಿಯುವ ನೀರಲ್ಲಿ ಹಾಕುವುದು. ಆ ದಿನಗಳಲ್ಲಿ ಬಿ ಜೀವಸತ್ವದ ಟಾನಿಕ್ ಕೊಡಬೇಡಿ. ಆಂಪ್ರೋಲಿಯಂ ಕೆಲಸ ಮಾಡುವುದೇ ಬಿ1ರ ಜಾಗ ಹಿಡಿದು ಪರಾವಲಂಬಿಯನ್ನು ಉಪವಾಸ ಕೆಡವಿ. ಟಾನಿಕ್ ಕೊಟ್ಟರೆ ಅದಕ್ಕೇ ಊಟ ಹಾಕಿದಂತೆ.

ದರಕು ತೆಗೆಯಿರಿ. ಎಲೆ ನೀರು ಹೀರುವುದಿಲ್ಲ, ಒಳಗೆ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟು ಮರಿಗಳ ಶ್ವಾಸಕೋಶಕ್ಕೆ ಕೆಟ್ಟದ್ದು. ಒಣ ಭತ್ತದ ಹೊಟ್ಟು ಹಾಕಿ ದಿನಾ ಕೆದಕಿ. ನೆಲದಿಂದ ಎತ್ತರಕ್ಕೆ ಅಡಿಕೆ ದಬ್ಬೆಯ ಅಟ್ಟ ಮಾಡಿ ಸಂದು ಬಿಟ್ಟರೆ ಹಿಕ್ಕೆ ಕೆಳಗೆ ಬೀಳುತ್ತದೆ, ಅರ್ಧ ರೋಗ ಅಲ್ಲಿಗೇ ಹೋಯಿತು.

ಬೇಲೆಕೇರಿ ಹಿತ್ತಲು · ಗುರುವಾರ ಸಂಜೆ

ಗಿಡ್ಡಿ ಇವತ್ತು ಗಂಜಿ ತಿಳಿಯನ್ನು ಬಟ್ಟಲಿಂದ ತಾನೇ ಕುಡಿದಿತು, ನಾನು ಕುತ್ತಿಗೆ ಹಿಡಿದಿದ್ದೆ ಅಷ್ಟೇ. ಕಣ್ಣು ಪೂರ್ತಿ ಬಿಡ್ತಾ ಇದೆ. ಕರಿಯದ್ದು ಅಷ್ಟು ತಿಂದಿರಲಿಲ್ಲವೇನೋ, ಅದು ಆಗಲೇ ಎದ್ದು ಕುಂಟ್ತಾ ಓಡಾಡ್ತದೆ.

ಪಕ್ಕದ ಮನೆಯವರ ಜೊತೆ ಮಾತಾಡಿದೆವು. ಮೊದಲು ಮುಖ ಸಿಂಡರಿಸಿದರು, ನಮ್ಮ ಕೋಳಿ ಅವರ ಹಿತ್ತಲಿಗೆ ಹೋದದ್ದು ಯಾಕೆ ಅಂತ. ನ್ಯಾಯವೇ. ಆಮೇಲೆ ಅವರ ಕೋಳಿಯ ಹೊಟ್ಟೆಯಲ್ಲಿ ಹುಳ ಇದ್ದದ್ದು ಹೇಳಿದ ಮೇಲೆ ಮೆತ್ತಗಾದರು.

ಅಘನಾಶಿನಿ ದಂಡೆ · ಗುರುವಾರ ಸಂಜೆ

ಮೀನು ಹಾಕೋದು ಬಿಡಬೇಕಾಗಿಲ್ಲ, ತೆಂಗಿಗೆ ಒಳ್ಳೇ ಗೊಬ್ಬರ. ಗುಂಡಿ ಆಳ ತೆಗೀರಿ, ಮೀನಿನ ಮೇಲೆ ಬೂದಿ, ಅದರ ಮೇಲೆ ಒಂದು ಮೊಳ ಮಣ್ಣು, ಮೇಲೆ ತೆಂಗಿನ ಸಿಪ್ಪೆ ಕವುಚಿ ಹಾಕಿ. ಆಮೇಲೆ ಬುಡದ ಸುತ್ತ ಹರಿದ ಮೀನುಬಲೆ ಹಾಸಿ ಕಲ್ಲು ಇಡಿ. ಕೋಳಿಯ ಕಾಲು ಬಲೆಗೆ ಸಿಕ್ಕಿಕೊಳ್ಳದ ಹಾಗೆ ಬಿಗಿಯಾಗಿ ಎಳೆದು ಕಟ್ಟಬೇಕು, ಸಡಿಲ ಬಿಟ್ಟರೆ ಅದೇ ಇನ್ನೊಂದು ತಾಪತ್ರಯ. ಈಗ ಇರೋ ಹುಳದ ರಾಶಿಯನ್ನು ಅಲ್ಲೇ ಮುಚ್ಚಬೇಡಿ, ತೆಗೆದು ಸುಡಿ.

ದೂರದ ಕಾರವಾರಿ · ಗುರುವಾರ ರಾತ್ರಿ

ಅಮ್ಮನಿಗೆ ಎಲ್ಲ ಓದಿ ಹೇಳಿದೆ. “ತೆಂಗಿನ ಬುಡಕ್ಕೆ ಮೀನು ಹಾಕಿದ ಮೇಲೆ ಕೋಳಿ ಕಟ್ಟಿ ಹಾಕಬೇಕು ಅಂತ ನನಗೆ ಗೊತ್ತಿಲ್ವಾ” ಅಂತ ನನಗೇ ಬೈದಳು. ಅವಳನ್ನೇ ಇಲ್ಲಿ ಸೇರಿಸಬೇಕಿತ್ತು.

ಬೇಲೆಕೇರಿ ಹಿತ್ತಲು · ಭಾನುವಾರ ಬೆಳಿಗ್ಗೆ

ಗಿಡ್ಡಿ ನಿಂತಿದೆ. ಇನ್ನೂ ಹಾರಿ ಗೂಡು ಹತ್ತೋದಿಲ್ಲ, ನಡೆಯುವಾಗ ಒಂದು ಕಡೆಗೆ ವಾಲ್ತದೆ. ನಿನ್ನೆ ಜೊತೆಗೆ ಬಿಟ್ಟರೆ ಹುಂಜ ಹತ್ತಿರ ಬಂದು ಸುತ್ತ ಹಾಕಿತು, ಉಳಿದ ಹೇಂಟೆಗಳು ಜುಟ್ಟು ಹಿಡಿದು ಕುಕ್ಕಿದವು. ಮತ್ತೆ ಒಳಗೆ ತಂದೆ. ಹೇಗೆ ಸೇರಿಸೋದು? ಮೊಟ್ಟೆ ಇಟ್ಟರೆ ತಿನ್ನಬಹುದಾ?

ಸದಾಶಿವಗಡ ಗಾಳಿ · ಭಾನುವಾರ ಬೆಳಿಗ್ಗೆ

ಗೂಡಿನ ಪಕ್ಕದಲ್ಲೇ ಬುಟ್ಟಿ ಕವುಚಿ ಅದರೊಳಗೆ ಇಡಿ. ಒಂದಕ್ಕೊಂದು ಕಾಣಬೇಕು, ಕುಕ್ಕಲು ಆಗಬಾರದು. ಬಲ ಬಂದ ಮೇಲೆ ಕತ್ತಲಾದಾಗ ಗೂಡಿನೊಳಗೆ ಬಿಡಿ, ಬೆಳಿಗ್ಗೆ ಎಲ್ಲ ಒಟ್ಟಿಗೆ ಏಳ್ತವೆ. ನೀರಿನ ಮರಿಗೆಗಳನ್ನು ಎರಡು ಇಡಿ, ಬಲಹೀನದ್ದನ್ನು ಮೊದಲು ಓಡಿಸೋದು ನೀರಿಂದಲೇ.

ಕುಮಟಾ ನಿವೃತ್ತ · ಭಾನುವಾರ ಮಧ್ಯಾಹ್ನ

ಇಷ್ಟು ಬಳಲಿದ ಕೋಳಿ ಇಷ್ಟರಲ್ಲೇ ಮೊಟ್ಟೆ ಇಡುವುದು ಅನುಮಾನ. ಪೂರ್ತಿ ಚೇತರಿಸಿಕೊಳ್ಳುವ ಮೊದಲು ಇಟ್ಟರೆ ಬಿಟ್ಟುಬಿಡಿ, ಆಮೇಲಿನದಕ್ಕೆ ಅಡ್ಡಿಯಿಲ್ಲ. ಪುಕ್ಕ ಉದುರಿದರೂ ಗಾಬರಿ ಬೇಡ.

ಈಗ ಮಾಜಾಳಿಯವರ ಕೊಕ್ಕರೆಗೆ ಬರೋಣ. ಈ ಸಲ ಬರಲಿಲ್ಲ, ಆದರೆ ಲಸಿಕೆಯಿಲ್ಲದ ಕೇರಿ ಎಂಬುದು ಹಾಗೇ ಉಳಿಯಿತಲ್ಲ. ಮರಿಗೆ ಮೊದಲ ವಾರದಲ್ಲಿ ಎಫ್ ತಳಿಯ ಅಥವಾ ಲಸೋಟ ಲಸಿಕೆ, ಕಣ್ಣಿಗೋ ಮೂಗಿಗೋ ಒ‍ಂದು ಹನಿ. ನಾಲ್ಕನೇ ವಾರದ ಹೊತ್ತಿಗೆ ಲಸೋಟ ಮತ್ತೊಮ್ಮೆ. ಎಂಟು ವಾರ ದಾಟಿದ ಮೇಲೆ ಆರ್‌2ಬಿ ಚುಚ್ಚುಮದ್ದು. ಆರ್‌2ಬಿಯನ್ನು ಎಳೆಯ ಮರಿಗಳಿಗೆ ಹಾಕಬಾರದು, ಕಾಯಿಲೆಯಲ್ಲಿರುವ ಕೋಳಿಗೂ ಹಾಕಬಾರದು. ಆದ್ದರಿಂದ ಗಿಡ್ಡಿಯನ್ನು ಈ ಸಲ ಬಿಡಿ.

ಮನೆಗೆ ನಾಲ್ಕಾರು ಕೋಳಿ ಇರುವವರು ಹಾಕಿಸದಿರುವುದಕ್ಕೆ ಕಾರಣ ಸೋಮಾರಿತನವಲ್ಲ, ಬಾಟಲಿ. ಒಂದು ಬಾಟಲಿ ನೂರು ಕೋಳಿಗೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೆ ಮಂಜುಗಡ್ಡೆಯಲ್ಲೇ ಇರಬೇಕು. ಒಬ್ಬರ ಮನೆಯ ಕೋಳಿಗೆ ಅದನ್ನು ಒಡೆಯಲು ಯಾರಿಗೂ ಮನಸ್ಸು ಬಾರದು. ಕೇರಿಯವರೆಲ್ಲ ಸೇರಿ ಒಂದೇ ಸಂಜೆ ಹಾಕಿಸಿದರೆ ಈ ತೊಡಕಿಲ್ಲ. ಕೋಳಿಗಳೆಲ್ಲ ಗೂಡು ಸೇರಿದ ಮೇಲೆ ಹಿಡಿಯುವುದೂ ಸುಲಭ.

ಬೇಲೆಕೇರಿ ಹಿತ್ತಲು · ಭಾನುವಾರ ಸಂಜೆ

ಅತ್ತೆ ಈಗಲೇ ಮನೆ ಮನೆಗೆ ಹೊರಟಿದ್ದಾರೆ, ಎಣಿಸಿಕೊಂಡು ಬರ್ತೇನೆ ಅಂತ. ಪಕ್ಕದ ಮನೆಯವರು ತಮ್ಮ ಮಗನ ಮೀನಿನ ಪೆಟ್ಟಿಗೆ ಕೊಡ್ತಾರಂತೆ, ಮಂಜುಗಡ್ಡೆ ಸಮೇತ. ಅದರಲ್ಲಿ ಲಸಿಕೆ ತರಬಹುದಾ ಸರ್?

ಕುಮಟಾ ನಿವೃತ್ತ · ಭಾನುವಾರ ಸಂಜೆ

ತರಬಹುದು, ಚೆನ್ನಾಗಿ ತೊಳೆದು. ಬಾಟಲಿ ಮಂಜುಗಡ್ಡೆಯ ನೀರಲ್ಲಿ ಮುಳುಗದ ಹಾಗೆ ಚೀಲದಲ್ಲಿ ಕಟ್ಟಿ. ಕೋಳಿಗಳ ಲೆಕ್ಕ ಸಿಕ್ಕ ಮೇಲೆ ಆಸ್ಪತ್ರೆಗೆ ಮೊದಲೇ ಹೇಳಿಡಿ, ದಾಸ್ತಾನು ಇದೆಯೋ ಕೇಳಿ, ಹಾಕುವವರು ಯಾವ ಸಂಜೆ ಬರಬಲ್ಲರು ಎಂಬುದನ್ನೂ ಕೇಳಿಕೊಳ್ಳಿ.

ಹೊನ್ನಾವರ ಹುಂಜ · ಭಾನುವಾರ ರಾತ್ರಿ

ಹೊನ್ನಾವರದ ಕಾಸರಕೋಡ ಕಡೆಯಿಂದ ಯಾರಾದರೂ ಇದ್ದೀರಾ? ನಮ್ಮ ಕೇರಿಯದ್ದು ಎಣಿಸಿದೆ, ಬಾಟಲಿಗೆ ಇನ್ನೂ ಒಂದಿಷ್ಟು ಕೋಳಿ ಕಡಿಮೆ ಬೀಳ್ತವೆ.